ಯುವಜನರ ಕೈಯಲ್ಲಿ ಸಮುದಾಯ ಮಾಧ್ಯಮ: ಏನು, ಹೇಗೆ, ಯಾರ ಯಜಮಾನಿಕೆ?



ನಮ್ಮ ಸಂಘದ ಯುವ ವಿಭಾಗದವರು ಕಾರ್ಯಕಾರಿ ಸಮಿತಿಗೆ ಒಂದು ಮನವಿ ಕೊಟ್ಟಿದ್ದಾರೆ. ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಿಗಾಗಿ ಹದಿನೈದು ದಿನಕ್ಕೊಮ್ಮೆ ಒಂದು ಧ್ವನಿ ಸುದ್ದಿಪತ್ರ ಹೊರತರಬೇಕು, ಅದನ್ನು ತಾವೇ ನಡೆಸಬೇಕು ಎಂಬುದು ಅವರ ಆಸೆ. ಅವರು ಸಂಘದಿಂದ ಕೇಳಿರುವುದು ಮೂರು: ಒಂದು ಸಣ್ಣ ಮೊತ್ತ, ವಾರಕ್ಕೆ ಎರಡು ಸಂಜೆ ಒಂದು ಕೋಣೆ, ಮತ್ತು ಒಂದು ಮಾತು. ಪ್ರಸಾರಕ್ಕೆ ಮೊದಲು ಸಮಿತಿಗೆ ಕೇಳಿಸಿ ಒಪ್ಪಿಗೆ ಪಡೆಯಬೇಕೆಂಬ ನಿಬಂಧನೆ ಇರಬಾರದು ಎಂಬುದೇ ಆ ಮಾತು.

ಮೊತ್ತಕ್ಕೂ ಕೋಣೆಗೂ ಸಮಿತಿಯಲ್ಲಿ ಯಾರ ತಕರಾರೂ ಇಲ್ಲ. ತಕರಾರು ಇರುವುದು ಮೂರನೆಯದಕ್ಕೆ. ಹುಡುಗರು ಏನಾದರೂ ಆಡಿ ಸಂಘದ ಹೆಸರು ಕೆಟ್ಟರೆ ಹೊಣೆ ಯಾರು ಎಂದು ಹಿರಿಯರು ಕೇಳುತ್ತಾರೆ. ನೀವೇ ಆರಿಸಿ ನೀವೇ ತಿದ್ದುವುದಾದರೆ ಅದಕ್ಕೆ ನಮ್ಮ ಹೆಸರು ಯಾಕೆ ಎಂದು ಯುವಕರು ಕೇಳುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ವಿಷಯ ಬರುವ ಸರ್ವಸದಸ್ಯರ ಸಭೆಯ ಮುಂದೆ ಬರಲಿದೆ. ಕೈ ಎತ್ತುವ ಮೊದಲು ಸಮುದಾಯ ಮಾಧ್ಯಮ ಎಂದರೇನು, ಬೇರೆ ಕಡೆ ಅದು ಹೇಗೆ ನಡೆದಿದೆ, ಕಾನೂನು ಏನು ಹೇಳುತ್ತದೆ ಎಂಬುದು ಎಲ್ಲರಿಗೂ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಕೊನೆಯಲ್ಲಿ ನನ್ನ ಅಭಿಪ್ರಾಯವನ್ನೂ ಹೇಳಿದ್ದೇನೆ. ಒಪ್ಪುವುದು ಬಿಡುವುದು ತಮಗೆ ಸೇರಿದ್ದು.

ಮಾತು ಇದೆ, ಲಿಪಿ ಇಲ್ಲ

ಮೊದಲು ನಮ್ಮ ಸ್ಥಿತಿಯನ್ನು ನೋಡೋಣ. 2011ರ ಜನಗಣತಿಯ ಪ್ರಕಾರ ತಮಿಳುನಾಡಿನಲ್ಲಿ ಕನ್ನಡವನ್ನು ಮಾತೃಭಾಷೆ ಎಂದು ಬರೆಸಿದವರು ಸುಮಾರು 12.86 ಲಕ್ಷ ಜನ. ಈ ನಾಡಿಗೂ ಕನ್ನಡಕ್ಕೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಕೊಳ್ಳೇಗಾಲ ತಾಲ್ಲೂಕು ಇದ್ದದ್ದು ಕೊಯಮತ್ತೂರು ಜಿಲ್ಲೆಯಲ್ಲೇ. ಆಮೇಲೆ 1979ರಲ್ಲಿ ಈರೋಡು ಭಾಗ ಬೇರೆ ಜಿಲ್ಲೆಯಾಯಿತು, 2009ರಲ್ಲಿ ತಿರುಪ್ಪೂರು ಬೇರೆಯಾಯಿತು. ಗೆರೆಗಳು ಬದಲಾದವು, ಮನೆಯ ಮಾತು ಬದಲಾಗಲಿಲ್ಲ. ಸಿರುಮುಗೈ, ಅನ್ನೂರು, ಸೋಮನೂರು, ಪಲ್ಲಡಂ, ಉಡುಮಲೈಪೇಟೆ ಕಡೆಯ ದೇವಾಂಗ ಮನೆಗಳಲ್ಲಿ, ಊರೂರಿನ ಒಕ್ಕಲಿಗ ಮನೆಗಳಲ್ಲಿ ಇಂದಿಗೂ ಅಡುಗೆಮನೆಯ ಮಾತು, ಮಗ್ಗದ ಮುಂದಿನ ಮಾತು ಕನ್ನಡವೇ.

ಆದರೆ ಆ ಕನ್ನಡ ಕಿವಿಯ ಕನ್ನಡ, ಕಣ್ಣಿನ ಕನ್ನಡವಲ್ಲ. ತಾಳವಾಡಿ, ಹೊಸೂರು ಕಡೆ ಕನ್ನಡ ಶಾಲೆಗಳಿವೆ. ನಮ್ಮ ಎರಡು ಜಿಲ್ಲೆಗಳ ಮಕ್ಕಳು ಓದುವುದು ತಮಿಳು ಮತ್ತು ಇಂಗ್ಲಿಷಿನಲ್ಲಿ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಶಾಲೆಗಳಲ್ಲಿ ತಮಿಳು ಕಡ್ಡಾಯವಾಗಿದೆ. ಆ ಕಾಯ್ದೆಯ ಸರಿತಪ್ಪು ಇಲ್ಲಿಯ ವಿಷಯವಲ್ಲ. ನಾವು ಬಾಳುವ ನಾಡಿನ ಭಾಷೆಯನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿತಿದ್ದಾರೆ, ಅದು ಒಳ್ಳೆಯದೇ. ಅದರ ಜೊತೆಗೆ ಇನ್ನೊಂದು ನಿಜವನ್ನೂ ಒಪ್ಪಿಕೊಳ್ಳಬೇಕು. ತಾವು ಈಗ ಓದುತ್ತಿರುವ ಈ ಪುಟವನ್ನು ತಮ್ಮ ಮಗನೋ ಮೊಮ್ಮಗಳೋ ಓದಲಾರರು. ತಾವು ಗಟ್ಟಿಯಾಗಿ ಓದಿ ಹೇಳಿದರೆ ಬಹುಪಾಲು ಅರ್ಥವಾಗುತ್ತದೆ, ಆದರೆ ಅಕ್ಷರ ಕಂಡರೆ ಗುರುತು ಸಿಗುವುದಿಲ್ಲ.

ಹಾಗಾದರೆ ಈ ಪ್ರಕಟಣೆ ಯಾರಿಗೆ ಮುಟ್ಟುತ್ತಿದೆ? ನಮ್ಮ ವಯಸ್ಸಿನವರಿಗೆ. ನಮ್ಮ ಕಾಲ ಮುಗಿದ ಮೇಲೆ ಇದನ್ನು ಓದುವವರು ಯಾರು? ಯುವಕರು ಧ್ವನಿಯ ಮಾಧ್ಯಮ ಕೇಳುತ್ತಿರುವುದು ಹೊಸ ಶೋಕಿಗಲ್ಲ. ಓದಲು ಬಾರದ, ಆಡಲು ಬರುವ ಭಾಷೆಗೆ ಇನ್ನೊಂದು ದಾರಿಯೇ ಇಲ್ಲ.

ಸಮುದಾಯ ಮಾಧ್ಯಮ ಎಂದರೆ

ಮಾಧ್ಯಮಗಳನ್ನು ಒಡೆತನದ ಮೇಲೆ ಮೂರು ಬಗೆ ಮಾಡಬಹುದು. ಒಂದು, ಆಕಾಶವಾಣಿ, ದೂರದರ್ಶನದಂಥ ಸಾರ್ವಜನಿಕ ಪ್ರಸಾರ. ಎರಡು, ಜಾಹೀರಾತಿನ ಆದಾಯದಿಂದ ನಡೆಯುವ ಖಾಸಗಿ ಪತ್ರಿಕೆ, ಟಿವಿ, ಎಫ್‌ಎಂ. ಮೂರನೆಯದು ಸಮುದಾಯ ಮಾಧ್ಯಮ. ಇಲ್ಲಿ ಹೇಳುವವರೂ ಕೇಳುವವರೂ ಒಂದೇ ಊರಿನವರು, ಒಂದೇ ಕಸುಬಿನವರು ಅಥವಾ ಒಂದೇ ಮಾತಿನವರು. ಲಾಭ ಇದರ ಗುರಿಯಲ್ಲ. ಬೇರೆಯವರಿಗೆ ಸುದ್ದಿ ಎನಿಸದ, ನಮಗೆ ಮಾತ್ರ ಬೇಕಾದ ವಿಷಯ ಇದರ ಜೀವಾಳ.

ನಮ್ಮ ದೇಶದಲ್ಲಿ ಇದಕ್ಕೆ ಬಾಗಿಲು ತೆರೆದದ್ದು 1995ರ ಫೆಬ್ರವರಿಯ ಸುಪ್ರೀಂ ಕೋರ್ಟ್ ತೀರ್ಪು. ಕ್ರಿಕೆಟ್ ಪಂದ್ಯದ ಪ್ರಸಾರದ ಹಕ್ಕಿನ ಮೊಕದ್ದಮೆ ಅದು. ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತು, ಅವು ಸರ್ಕಾರದ ಏಕಸ್ವಾಮ್ಯವಲ್ಲ ಎಂದು ನ್ಯಾಯಾಲಯ ಹೇಳಿತು. ಆದರೂ ಪರವಾನಗಿ ಕೂಡಲೇ ಸಿಗಲಿಲ್ಲ. 2002ರ ಕೊನೆಯಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಅವಕಾಶ ಬಂತು. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಅಣ್ಣಾ ಎಫ್‌ಎಂ 2004ರ ಫೆಬ್ರವರಿ 1ರಂದು ಆರಂಭವಾಯಿತು. ನೋಂದಾಯಿತ ಸೇವಾ ಸಂಸ್ಥೆಗಳಿಗೆ ಅವಕಾಶ ಸಿಕ್ಕಿದ್ದು 2006ರ ನವೆಂಬರಿನ ನೀತಿಯಿಂದ.

ಪರವಾನಗಿಗೆ ಕಾಯುತ್ತ ಎಲ್ಲರೂ ಸುಮ್ಮನೆ ಕುಳಿತಿರಲಿಲ್ಲ. ನಮಗೆ ಪಾಠವಾಗಬಹುದಾದ ಒಂದು ಪ್ರಯತ್ನ ಕನ್ನಡ ನಾಡಿನ ಗಡಿಯಲ್ಲೇ ನಡೆದಿದೆ.

ಬೂದಿಕೋಟೆಯ 'ನಮ್ಮ ಧ್ವನಿ'

ಕೋಲಾರ ಜಿಲ್ಲೆ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಹೈದರಾಲಿ ಹುಟ್ಟಿದ ಊರೆಂದು ಹೆಸರಾದದ್ದು. ತಮಿಳುನಾಡೂ ಆಂಧ್ರವೂ ಅದಕ್ಕೆ ಹತ್ತಿರ. ನಮ್ಮ ಊರುಗಳಂತೆ ಅಲ್ಲಿಯೂ ಬೀದಿಯಲ್ಲಿ ಒಂದಕ್ಕಿಂತ ಹೆಚ್ಚು ಭಾಷೆ ಕೇಳುತ್ತದೆ. ಬೆಂಗಳೂರಿನ 'ವಾಯ್ಸಸ್' ಮತ್ತು 'ಮೈರಾಡ' ಸಂಸ್ಥೆಗಳು ಯುನೆಸ್ಕೋ ನೆರವಿನಿಂದ 2001ರಲ್ಲಿ ಅಲ್ಲಿ 'ನಮ್ಮ ಧ್ವನಿ' ಎಂಬ ಧ್ವನಿ ಕೇಂದ್ರವನ್ನು ಆರಂಭಿಸಿದವು. ಊರಿನ ಯುವಕ ಯುವತಿಯರಿಗೂ ಸ್ವಸಹಾಯ ಸಂಘದ ಮಹಿಳೆಯರಿಗೂ ಧ್ವನಿಮುದ್ರಣದ ತರಬೇತಿ ಕೊಟ್ಟರು.

ಆಗ ಗಾಳಿಯಲ್ಲಿ ಪ್ರಸಾರ ಮಾಡಲು ಕಾನೂನಿನ ಅನುಮತಿ ಇರಲಿಲ್ಲ. ಅವರು ಏನು ಮಾಡಿದರು? ಕಾರ್ಯಕ್ರಮಗಳನ್ನು ಕ್ಯಾಸೆಟ್ಟಿನಲ್ಲಿ ಮುದ್ರಿಸಿ ಸ್ವಸಹಾಯ ಸಂಘಗಳ ಸಭೆಯಲ್ಲಿ ಕೇಳಿಸಿದರು. ಧ್ವನಿವರ್ಧಕದಲ್ಲಿ ಊರಿಗೆ ಕೇಳಿಸಿದರು. ಮುಂದೆ ಕೇಬಲ್ ಟಿವಿ ತಂತಿಯ ಮೂಲಕವೇ ಮನೆಮನೆಗೆ ಧ್ವನಿ ಕಳಿಸಿದರು. ಗಾಳಿಗೆ ಅನುಮತಿ ಬೇಕು, ತಂತಿಗೆ ಬೇಡ. ಆ ಸಂದಿಯಲ್ಲಿ ದಾರಿ ಹುಡುಕಿಕೊಂಡರು.

ಇದರಿಂದ ನಾವು ತಿಳಿಯಬೇಕಾದದ್ದು ಎರಡು. ಮೊದಲನೆಯದು, ಟವರೂ ಟ್ರಾನ್ಸ್‌ಮಿಟರೂ ಬರುವ ಮೊದಲೇ ಮಾಧ್ಯಮ ಆರಂಭವಾಗಬಹುದು. ಮುದ್ರಿಸುವ ಕೈ, ಕೇಳುವ ಕಿವಿ ಇದ್ದರೆ ಸಾಕು. ಎರಡನೆಯದು, ಸಂಸ್ಥೆಗಳು ಯಂತ್ರವನ್ನು ಕೊಟ್ಟವು, ಮಾತನಾಡಿದವರು ಊರಿನವರೇ.

ಇನ್ನೂ ಮೂರು ಉದಾಹರಣೆಗಳು

ಬೀದರಿಗೆ ಹತ್ತಿರದ ಜಹೀರಾಬಾದ್ ಪಕ್ಕದ ಮಾಚನೂರಿನಲ್ಲಿ, ಈಗಿನ ತೆಲಂಗಾಣದಲ್ಲಿ, ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳೆಯರು 'ಸಂಘಂ ರೇಡಿಯೋ' ನಡೆಸುತ್ತಾರೆ. ಅವರ ಕೇಂದ್ರ 1998ರಲ್ಲೇ ಸಿದ್ಧವಾಗಿತ್ತು, ಪರವಾನಗಿ ಬಂದು ಪ್ರಸಾರ ಆರಂಭವಾದದ್ದು 2008ರ ಅಕ್ಟೋಬರಿನಲ್ಲಿ. ಹತ್ತು ವರ್ಷ ಅವರೂ ಮುದ್ರಿಸಿದ್ದನ್ನು ಸಂಘದ ಸಭೆಗಳಲ್ಲೇ ಕೇಳಿಸಿದರು. ಅವರು ಮಾತನಾಡುವುದು ಪುಸ್ತಕದ ತೆಲುಗಲ್ಲ, ಹೊಲದಲ್ಲಿ ಆಡುವ ತೆಲುಗು. ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಮಕ್ಕಳು ಮೈಕಿನ ಮುಂದೆ ಕನ್ನಡ ಆಡಲು ನಾಚುವುದಕ್ಕೆ ದೊಡ್ಡ ಕಾರಣ ಬೆಂಗಳೂರಿನ ಕನ್ನಡ. ಟಿವಿಯ ಕನ್ನಡ ಕೇಳಿ ನಮ್ಮದು ತಪ್ಪು ಕನ್ನಡ ಎಂದುಕೊಳ್ಳುತ್ತಾರೆ. ನಮ್ಮ ಮನೆಯ ಕನ್ನಡದಲ್ಲಿ ಹಳೆಯ ಮಾತುಗಳೂ ಇವೆ, ತಮಿಳಿನ ಮಾತುಗಳೂ ಇವೆ. ಅದೇ ನಮ್ಮ ಗುರುತು. ಈ ಮಾಧ್ಯಮದಲ್ಲಿ ಯಾರೂ ಯಾರ ಉಚ್ಚಾರಣೆಯನ್ನೂ ತಿದ್ದಬಾರದು ಎಂಬುದು ಮೊದಲ ನಿಯಮವಾಗಬೇಕು.

ಎರಡನೆಯದು ದೆಹಲಿಯದು. ಬೀದಿ ಮಕ್ಕಳು, ದುಡಿಯುವ ಮಕ್ಕಳು ಸೇರಿ 2003ರಿಂದ 'ಬಾಲಕ್‌ನಾಮಾ' ಎಂಬ ಪತ್ರಿಕೆ ಹೊರತರುತ್ತಿದ್ದಾರೆ. 'ಚೇತನಾ' ಎಂಬ ಸೇವಾ ಸಂಸ್ಥೆಯ ಬೆಂಬಲ ಅವರಿಗಿದೆ. ಅಲ್ಲಿನ ಎಷ್ಟೋ ಮಕ್ಕಳಿಗೆ ಬರೆಯಲು ಬರುವುದಿಲ್ಲ. ಅಂಥವರನ್ನು 'ಬಾತೂನಿ ರಿಪೋರ್ಟರ್' ಎನ್ನುತ್ತಾರೆ, ಎಂದರೆ ಮಾತುಗಾರ ವರದಿಗಾರ. ಅವರು ತಮ್ಮ ಬಡಾವಣೆಯ ಸುದ್ದಿಯನ್ನು ಬಾಯಲ್ಲಿ ಹೇಳುತ್ತಾರೆ, ಬರೆಯಬಲ್ಲ ಜೊತೆಗಾರ ಬರೆದುಕೊಳ್ಳುತ್ತಾನೆ. ನಮ್ಮ ಯುವಕರ ಮನವಿಯಲ್ಲೂ ಇದೇ ಬಗೆಯ ಯೋಚನೆ ಇದೆ. ಸಿರುಮುಗೈಯ ಹುಡುಗಿ ಬಾಯಲ್ಲಿ ಹೇಳಿದ್ದನ್ನು ಕನ್ನಡ ಶಾಲೆಯಲ್ಲಿ ಓದಿದ ತಾಳವಾಡಿಯ ಹುಡುಗ ಅಕ್ಷರಕ್ಕೆ ಇಳಿಸುತ್ತಾನೆ. ಅದು ಈ ಪುಟದಲ್ಲಿ ಬರುತ್ತದೆ. ಆಗ ಧ್ವನಿ ಮಕ್ಕಳಿಗೆ, ಅಕ್ಷರ ಹಿರಿಯರಿಗೆ, ಒಂದೇ ಸುದ್ದಿ ಇಬ್ಬರಿಗೂ.

ಮೂರನೆಯದು ನಮ್ಮ ರಾಜ್ಯದ್ದೇ. ರಾಮೇಶ್ವರದ ಪಾಂಬನ್ ದ್ವೀಪದಲ್ಲಿ 2016ರ ಆಗಸ್ಟ್ 15ರಂದು 'ಕಡಲ್ ಓಸೈ' ಎಂಬ 90.4 ಎಫ್‌ಎಂ ಆರಂಭವಾಯಿತು. ಮೀನುಗಾರರಿಗಾಗಿಯೇ ಇರುವ ರೇಡಿಯೋ ಅದು, ಮೀನುಗಾರರ ಮನೆಯ ಮಕ್ಕಳೇ ಅಲ್ಲಿ ಮಾತನಾಡುತ್ತಾರೆ. ಗಾಳಿ ಹೇಗಿದೆ, ಅಲೆ ಹೇಗಿದೆ ಎಂಬುದು ಅಲ್ಲಿನ ಮುಖ್ಯ ವಿಷಯ. ಚೆನ್ನೈನವರಿಗೆ ಅದು ಸುದ್ದಿಯಲ್ಲ, ದೋಣಿ ಇಳಿಸುವವನಿಗೆ ಜೀವದ ಪ್ರಶ್ನೆ.

ನಮಗೆ 'ಗಾಳಿ, ಅಲೆ' ಯಾವುದು? ನೂಲಿನ ಬೆಲೆ. ಕೂಲಿ ಮಗ್ಗದವರ ಕೂಲಿ ಮಾತುಕತೆ. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಯಾವ ಕೆಲಸಕ್ಕೆ ಜನ ಬೇಕಾಗಿದೆ ಎಂಬುದು. ವಿದ್ಯುತ್ ಇಲಾಖೆಯವರು ದುರಸ್ತಿಗಾಗಿ ಯಾವ ದಿನ ಯಾವ ಉಪಕೇಂದ್ರದ ಕರೆಂಟು ತೆಗೆಯುತ್ತಾರೆ ಎಂಬುದು. ದಿಂಬಂ ಘಾಟಿಯಲ್ಲಿ ರಾತ್ರಿ ವಾಹನಗಳಿಗಿರುವ ನಿರ್ಬಂಧ. ಕೊಳ್ಳೇಗಾಲ, ಚಾಮರಾಜನಗರದ ಬೀಗರ ಮನೆಗೆ ಹೋಗುವವರಿಗೆ ಅದು ಬೇಕು. ಇದರ ಜೊತೆಗೆ ನಮ್ಮ ಅಜ್ಜಿಯರ ಹಾಡು, ಮಗ್ಗದ ಹಾಸು ಹೊಕ್ಕು ಲಾಳಿಗಳ ಮಾತು. ಕೊಯಮತ್ತೂರು ರಾಜವೀಧಿಯ ಚೌಡೇಶ್ವರಿ ಗುಡಿಯ ದಸರಾ ಅಲಗು ಸೇವೆಯ ಫೋಟೋ ಪತ್ರಿಕೆಗಳಲ್ಲಿ ಬರುತ್ತದೆ. ಆ ಸೇವೆ ಮಾಡುವವರ ಮಾತನ್ನು ನಮ್ಮ ಭಾಷೆಯಲ್ಲೇ ಕೇಳಿ ಮುದ್ರಿಸಿ ಇಡುವ ಕೆಲಸ ನಮ್ಮದೇ.

ರೇಡಿಯೋವೋ, ಕಾಗದವೋ, ಫೋನೋ?

ಸಂಘದ ಹೆಸರಿನಲ್ಲಿ ಒಂದು ರೇಡಿಯೋ ಕೇಂದ್ರವನ್ನೇ ಹಾಕೋಣ ಎಂದು ಕೆಲವು ಸದಸ್ಯರು ಉತ್ಸಾಹದಿಂದ ಹೇಳಿದ್ದಾರೆ. ಇದಕ್ಕೆ ಅರ್ಜಿ ಹಾಕುವ ಸಂಸ್ಥೆ ನೋಂದಣಿಯಾಗಿ ಕನಿಷ್ಠ ಮೂರು ವರ್ಷ ಆಗಿರಬೇಕು. ವ್ಯಕ್ತಿಗಳಿಗೂ ರಾಜಕೀಯ ಪಕ್ಷಗಳಿಗೂ ಪರವಾನಗಿ ಇಲ್ಲ. ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಸ್ಥಳೀಯವಾಗಿ ತಯಾರಾಗಬೇಕು. 2024ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಜಾಹೀರಾತಿನ ಸಮಯವನ್ನು ಗಂಟೆಗೆ 12 ನಿಮಿಷಕ್ಕೆ ಏರಿಸಿದ್ದಾರೆ. ಇವೆಲ್ಲ ನಿಭಾಯಿಸಬಹುದಾದವೇ.

ತೊಡಕು ಬೇರೆ ಎರಡು ಕಡೆ ಇದೆ. ಸಮುದಾಯ ರೇಡಿಯೋದ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್, ಅದು ಕೇಳಿಸುವುದು ಸುಮಾರು ಹತ್ತು ಕಿಲೋಮೀಟರ್ ಸುತ್ತಳತೆಯಲ್ಲಿ. ಕೊಯಮತ್ತೂರಿನಿಂದ ತಿರುಪ್ಪೂರಿಗೇ ಸುಮಾರು 50 ಕಿಲೋಮೀಟರ್. ಪಾಂಬನ್ ದ್ವೀಪದ ಹಾಗೆ ನಾವು ಒಂದೇ ಕಡೆ ಗುಂಪಾಗಿ ಇಲ್ಲ. ಒಂದೊಂದು ಊರಿನಲ್ಲಿ ಒಂದೆರಡು ಬೀದಿ ಎಂಬಂತೆ ಹರಡಿಕೊಂಡಿದ್ದೇವೆ. ಎರಡನೆಯ ತೊಡಕು, ಸಮುದಾಯ ರೇಡಿಯೋಗೆ ಸ್ವಂತವಾಗಿ ಸುದ್ದಿ ತಯಾರಿಸಿ ಓದಲು ಅನುಮತಿ ಇಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೆ ಮರುಪ್ರಸಾರ ಮಾಡಬಹುದು ಅಷ್ಟೆ. ಹವಾಮಾನ, ನೀರು, ಕರೆಂಟು, ಹಬ್ಬಗಳಂಥ ಮಾಹಿತಿ ಕೊಡಬಹುದು. ಕೂಲಿ ಮಾತುಕತೆಯ ವರದಿ ಓದಿದರೆ ಪ್ರಶ್ನೆ ಬರುತ್ತದೆ.

ಅಚ್ಚಿನ ಪತ್ರಿಕೆಯಾದರೆ 1867ರ ಹಳೆಯ ಕಾಯ್ದೆ ಹೋಗಿ 2023ರ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆ ಬಂದಿದೆ. 2024ರ ಮಾರ್ಚ್ 1ರಿಂದ ಅದು ಜಾರಿಯಲ್ಲಿದೆ, ನೋಂದಣಿ ಆನ್‌ಲೈನಿನಲ್ಲೇ ಆಗುತ್ತದೆ. ಆದರೆ ಅಚ್ಚು ಹಾಕಿದರೆ ಓದುವವರು ಮತ್ತೆ ನಾವೇ.

ಉಳಿದದ್ದು ಫೋನು. ಹತ್ತು ನಿಮಿಷದ ಮಾತಿನ ಕಡತ ಸುಮಾರು 5 ಎಂಬಿ ಆಗುತ್ತದೆ. ವಾಟ್ಸಾಪಿನಲ್ಲಿ ಸುಲಭವಾಗಿ ಹೋಗುತ್ತದೆ, ಮಗ್ಗ ನಡೆಸುತ್ತಲೂ ಕೇಳಬಹುದು, ಬೇಡವೆಂದರೆ ಅಳಿಸಬಹುದು. ಒಳ್ಳೆಯ ಕಾಲರ್ ಮೈಕು ಒಂದೆರಡು ಸಾವಿರ ರೂಪಾಯಿಗೆ ಸಿಗುತ್ತದೆ. ಫೋನ್ ಬಳಸಿ ಮಾಡಿದ ಕೆಲಸಕ್ಕೆ ಛತ್ತೀಸ್‌ಗಢದ 'ಸಿಜಿನೆಟ್ ಸ್ವರ' ಮಾದರಿಯಾಗಿದೆ. 2010ರಲ್ಲಿ ಆರಂಭವಾದ ಆ ವ್ಯವಸ್ಥೆಯಲ್ಲಿ ಹಳ್ಳಿಯವರು ಒಂದು ನಂಬರಿಗೆ ಕರೆ ಮಾಡಿ ತಮ್ಮ ಭಾಷೆಯಲ್ಲಿ ವಿಷಯ ಹೇಳುತ್ತಾರೆ. ಸಂಪಾದಕರು ಅದು ನಿಜವೇ ಎಂದು ವಿಚಾರಿಸಿದ ನಂತರವೇ ಎಲ್ಲರಿಗೂ ಕೇಳಿಸುತ್ತಾರೆ. ವಿಚಾರಿಸಿದ ನಂತರವೇ ಎಂಬ ಮಾತನ್ನು ದಯವಿಟ್ಟು ಗಮನಿಸಿ. ವಾಟ್ಸಾಪಿನಲ್ಲಿ ಬಂದದ್ದನ್ನು ಹಾಗೇ ತಳ್ಳುವುದಕ್ಕೂ ಮಾಧ್ಯಮಕ್ಕೂ ಇರುವ ವ್ಯತ್ಯಾಸ ಅಷ್ಟೇ.

ಸ್ವತಂತ್ರ ಎಂದರೆ ಯಾರಿಂದ ಸ್ವತಂತ್ರ?

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. ನಮ್ಮ ಕಡೆಯ ವಿದ್ಯುತ್ ಮಗ್ಗಗಳಲ್ಲಿ ಬಹಳಷ್ಟು ಕೂಲಿ ಮಗ್ಗಗಳು. ನೂಲು ಕೊಡುವವರು ಒಬ್ಬರು, ನೇಯ್ದು ಕೊಟ್ಟು ಕೂಲಿ ಪಡೆಯುವವರು ಇನ್ನೊಬ್ಬರು. ಕೂಲಿ ಹೆಚ್ಚಳದ ಮಾತುಕತೆ ಮುರಿದು ಮಗ್ಗಗಳು ನಿಂತದ್ದನ್ನು ಸೋಮನೂರು, ಪಲ್ಲಡಂ ಕಡೆಯವರು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದಾರೆ. ನಮ್ಮ ಸಂಘದಲ್ಲಿ ನೂಲು ಕೊಡುವವರೂ ಇದ್ದಾರೆ, ಕೂಲಿ ಪಡೆಯುವವರೂ ಇದ್ದಾರೆ. ದೇಣಿಗೆ ಹೆಚ್ಚು ಬರುವುದು ಯಾರಿಂದ ಎಂಬುದು ಲೆಕ್ಕ ಬರೆಯುವ ನನಗೂ ಗೊತ್ತು, ತಮಗೂ ಗೊತ್ತು.

ಮಗ್ಗ ನಿಂತ ವಾರ ನಮ್ಮ ಯುವಕರ ಧ್ವನಿಪತ್ರ ಏನು ಹೇಳಬೇಕು? ಸಮಿತಿ ಮೊದಲೇ ಕೇಳಿ ಒಪ್ಪಬೇಕು ಎಂಬ ನಿಯಮವಿದ್ದರೆ ಆ ವಾರ ಕೋಲಾಟದ ಸುದ್ದಿ ಬರುತ್ತದೆ, ಕೂಲಿಯ ಸುದ್ದಿ ಬರುವುದಿಲ್ಲ. ಯಾರೂ ಕೆಟ್ಟವರಾಗಿ ಅಲ್ಲ, ಮನಸ್ತಾಪ ಬೇಡ ಎಂದು. ಆದರೆ ಕೂಲಿ ಮಗ್ಗದವನ ಮಗ ಅಂದೇ ಅದನ್ನು ಕೇಳುವುದು ಬಿಡುತ್ತಾನೆ. ಕನ್ನಡದಲ್ಲಿ ಸಿಗುವುದು ಹಬ್ಬದ ಸುದ್ದಿ ಮಾತ್ರ, ಬದುಕಿನ ಸುದ್ದಿಗೆ ತಮಿಳು ಪತ್ರಿಕೆಯೇ ಗತಿ ಎಂದು ಅವನಿಗೆ ಗೊತ್ತಾಗುತ್ತದೆ. ಹಬ್ಬಕ್ಕೆ ಮಾತ್ರ ಬಳಸುವ ಭಾಷೆ ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆಯಂತೆ, ಮಡಿಕೆಯಲ್ಲೇ ಹರಿಯುತ್ತದೆ. ಆದ್ದರಿಂದ ಸ್ವಾತಂತ್ರ್ಯದ ಪ್ರಶ್ನೆಯೂ ಭಾಷೆ ಉಳಿಯುವ ಪ್ರಶ್ನೆಯೂ ಬೇರೆಬೇರೆ ಅಲ್ಲ.

ಹಾಗೆಂದು ಹಿರಿಯರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮಾನಹಾನಿ ಇಂದಿಗೂ ಅಪರಾಧವೇ, ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಅದನ್ನು ಹೇಳುತ್ತದೆ. ಹೊಣೆ ಇಲ್ಲದ ಸ್ವಾತಂತ್ರ್ಯವನ್ನು ಯುವಕರೂ ಕೇಳಿಲ್ಲ. ಮೊದಲೇ ತಡೆಯುವ ಅಧಿಕಾರದ ಬದಲು ಆಮೇಲೆ ಕೇಳುವ ಅಧಿಕಾರವನ್ನು ಸಂಘ ಇಟ್ಟುಕೊಳ್ಳಲಿ. ಅದಕ್ಕಾಗಿ ಕೆಳಗಿನ ನಿಯಮಗಳನ್ನು ಸಭೆಯ ಮುಂದಿಡುತ್ತಿದ್ದೇನೆ.

1. ಸಂಪಾದಕ ಮಂಡಳಿ. 18ರಿಂದ 30 ವರ್ಷದೊಳಗಿನ ಏಳು ಜನ. ಎರಡೂ ಜಿಲ್ಲೆಯವರು, ಬೇರೆಬೇರೆ ಸಮುದಾಯದವರು ಇರಬೇಕು, ಕನಿಷ್ಠ ಮೂವರು ಹೆಣ್ಣುಮಕ್ಕಳು. ಕಾಲೇಜಿನವರ ಜೊತೆ ಶಿಫ್ಟಿನಲ್ಲಿ ದುಡಿಯುವವರೂ ಇರಲಿ. 30 ತುಂಬಿದವರು ಬಿಟ್ಟುಕೊಡಬೇಕು, ಸಲಹೆಗಾರರಾಗಿ ಉಳಿಯಬಹುದು. ಯುವ ವಿಭಾಗಗಳಲ್ಲಿ ನಲವತ್ತೈದು ವರ್ಷದವರು ಕುಳಿತಿರುವುದನ್ನು ನಾವು ಎಲ್ಲೆಡೆ ಕಂಡಿದ್ದೇವೆ.

2. ದೂರು. ಯಾರಿಗೆ ದೂರು ಕೊಡಬೇಕು ಎಂಬುದನ್ನು ಪ್ರತಿ ಸಂಚಿಕೆಯಲ್ಲೂ ಹೇಳಬೇಕು. ಡಿಜಿಟಲ್ ಸುದ್ದಿ ಪ್ರಕಾಶಕರಿಗಾಗಿ ಬಂದ 2021ರ ನಿಯಮಗಳಲ್ಲೂ ದೂರಿಗೆ 15 ದಿನದ ಗಡುವು ಇದೆ. ಆ ನಿಯಮಗಳ ಕೆಲವು ಭಾಗಕ್ಕೆ ಬಾಂಬೆ ಮತ್ತು ಮದ್ರಾಸ್ ಹೈಕೋರ್ಟುಗಳು ತಡೆ ಕೊಟ್ಟಿವೆ, ಆದರೂ 15 ದಿನ ಎಂಬುದು ಒಳ್ಳೆಯ ಪದ್ಧತಿ. ತಪ್ಪೆಂದು ಕಂಡರೆ ಮುಂದಿನ ಸಂಚಿಕೆಯ ಆರಂಭದಲ್ಲೇ ತಿದ್ದುಪಡಿ ಹೇಳಬೇಕು.

3. ಎರಡು ಕಡೆಯ ಮಾತು. ಯಾರ ಮೇಲಾದರೂ ಆರೋಪವಿದ್ದರೆ ಅವರನ್ನು ಕೇಳದೆ ಪ್ರಸಾರ ಮಾಡಬಾರದು. ಉತ್ತರ ಕೊಡದಿದ್ದರೆ ಕೇಳಿದೆವು, ಉತ್ತರ ಬರಲಿಲ್ಲ ಎಂದು ಹೇಳಬೇಕು. ಸಂಘದ ಲೆಕ್ಕಪತ್ರದ ಬಗ್ಗೆ ಪ್ರಶ್ನೆ ಎತ್ತಿದರೂ ಇದೇ ನಿಯಮ. ಆಗ ಉತ್ತರ ಕೊಡಬೇಕಾದವನು ಕಾರ್ಯದರ್ಶಿ.

4. ಹಣ. ಪ್ರತ್ಯೇಕ ಬ್ಯಾಂಕ್ ಖಾತೆ, ಇಬ್ಬರ ಸಹಿ. ಸಂಘ ಕೊಡುವ ಮೊತ್ತವನ್ನು ವರ್ಷದ ಆರಂಭದಲ್ಲೇ ಠರಾವು ಮಾಡಿ ಕೊಡಬೇಕು, ನಡುವೆ ನಿಲ್ಲಿಸಬಾರದು. ಯಾವ ಒಬ್ಬ ದಾನಿಯ ಹಣವೂ ವರ್ಷದ ಖರ್ಚಿನ ಐದನೇ ಒಂದು ಭಾಗ ಮೀರಬಾರದು. ದಾನಿಗಳ ಹೆಸರು ಬಹಿರಂಗವಾಗಿರಬೇಕು.

5. ವಿದೇಶದ ಹಣ. ಇದನ್ನು ಗಮನವಿಟ್ಟು ಓದಿ. ಸುದ್ದಿ ಅಥವಾ ಪ್ರಚಲಿತ ವಿಷಯಗಳ ಕಾರ್ಯಕ್ರಮವನ್ನು ಧ್ವನಿಯಾಗಿ, ವಿಡಿಯೋ ಆಗಿ ತಯಾರಿಸುವ ಸಂಸ್ಥೆಗಳು ವಿದೇಶಿ ದೇಣಿಗೆ ಪಡೆಯಬಾರದು ಎಂದು 2010ರ ವಿದೇಶಿ ವಂತಿಗೆ ಕಾಯ್ದೆಯ 3ನೇ ಕಲಂ ಹೇಳುತ್ತದೆ. ಅಮೆರಿಕದಲ್ಲಿರುವ ಮಗ ಇನ್ನೂ ಭಾರತದ ಪ್ರಜೆಯಾಗಿದ್ದು ತನ್ನ ಸಂಪಾದನೆಯಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ ಅವನು ಕೊಟ್ಟದ್ದು ವಿದೇಶಿ ದೇಣಿಗೆಯೇ. ಪ್ರೀತಿಯಿಂದ ಕೊಟ್ಟರೂ ಪಡೆಯುವಂತಿಲ್ಲ.

6. ಒಪ್ಪಿಗೆ. ಹೇಳದೆ ಯಾರ ಧ್ವನಿಯನ್ನೂ ಮುದ್ರಿಸಬಾರದು. 18ರೊಳಗಿನ ಮಕ್ಕಳಾದರೆ ತಂದೆ ತಾಯಿಯ ಬರಹದ ಒಪ್ಪಿಗೆ ಬೇಕು.

7. ಕೀಲಿಕೈ. ಹುಡುಗನೊಬ್ಬನ ಸ್ವಂತ ಸಿಮ್ಮಿನಲ್ಲಿ ಎಲ್ಲವನ್ನೂ ತೆರೆದರೆ, ಅವನು ಬೆಂಗಳೂರಿಗೆ ಕೆಲಸಕ್ಕೆ ಹೋದ ದಿನ ಮಾಧ್ಯಮವೂ ಅವನ ಜೊತೆ ಹೋಗುತ್ತದೆ. ಸಿಮ್ ಸಂಘದ ಹೆಸರಿನಲ್ಲಿರಲಿ. ಪಾಸ್‌ವರ್ಡ್ ಮಂಡಳಿಯ ಇಬ್ಬರ ಬಳಿ ಇರಲಿ. ಮೂಲ ಧ್ವನಿಮುದ್ರಣಗಳು ಎರಡು ಹಾರ್ಡ್ ಡಿಸ್ಕಿನಲ್ಲಿ ಎರಡು ಊರಿನಲ್ಲಿರಲಿ.

8. ಚುನಾವಣೆ. ಯಾವ ಅಭ್ಯರ್ಥಿಯ ಪರವೂ ಪ್ರಚಾರವಿಲ್ಲ. ಸಂಘದ ಪದಾಧಿಕಾರಿಗಳ ಚುನಾವಣೆಗೂ ಇದು ಅನ್ವಯಿಸುತ್ತದೆ.

ಮೊದಲ ಆರು ತಿಂಗಳು

ದೊಡ್ಡದಾಗಿ ಆರಂಭಿಸಿ ಮೂರನೇ ಸಂಚಿಕೆಗೆ ನಿಲ್ಲುವುದಕ್ಕಿಂತ ಚಿಕ್ಕದಾಗಿ ಆರಂಭಿಸುವುದು ಒಳ್ಳೆಯದು. ಮೊದಲ ಎರಡು ತಿಂಗಳು ಹೊರಗೆ ಏನೂ ಕಳಿಸದೆ ಅಭ್ಯಾಸ ಮಾಡಲಿ. ಪ್ರತಿಯೊಬ್ಬರೂ ತಮ್ಮ ಮನೆಯ ಹಿರಿಯರೊಬ್ಬರ ಹತ್ತು ನಿಮಿಷದ ಮಾತು ಮುದ್ರಿಸಿ ತಂದು ಎಲ್ಲರ ಮುಂದೆ ಕೇಳಿಸಲಿ. ಮಗ್ಗದ ಬೀದಿಯಲ್ಲಿ ಸದ್ದೇ ದೊಡ್ಡ ತೊಂದರೆ. ಅದಕ್ಕೆ ಯುವಕರೇ ಒಂದು ಉಪಾಯ ಕಂಡುಕೊಂಡಿದ್ದಾರೆ. ಕರೆಂಟು ತೆಗೆಯುವ ದಿನ ಮಗ್ಗಗಳೆಲ್ಲ ಸುಮ್ಮನಿರುತ್ತವೆ, ನೇಯುವವರಿಗೂ ಬಿಡುವು, ಫೋನಿಗೆ ಬ್ಯಾಟರಿ ಇದೆ. ಮುದ್ರಣಕ್ಕೆ ಅದಕ್ಕಿಂತ ಒಳ್ಳೆಯ ದಿನ ಬೇರೆ ಇಲ್ಲ.

ಮೂರನೇ ತಿಂಗಳಿನಿಂದ ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷದ ಸಂಚಿಕೆ. ಐದು ನಿಮಿಷ ಬದುಕಿಗೆ ಬೇಕಾದ ಸುದ್ದಿ, ಮೂರು ನಿಮಿಷ ಹಿರಿಯರ ಮಾತು, ಎರಡು ನಿಮಿಷ ಕೇಳುಗರ ಪ್ರಶ್ನೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹುಟ್ಟಿದ್ದು 1843ರ ಜುಲೈ 1ರಂದು. ಕನ್ನಡ ಪತ್ರಿಕಾ ದಿನವಾದ ಆ ದಿನವೇ ಮೊದಲ ಸಂಚಿಕೆ ಬಂದರೆ ಚೆನ್ನ. ಆರು ತಿಂಗಳಾದ ಮೇಲೆ ಎಷ್ಟು ಜನ ಕೇಳಿದರು ಎಂಬುದರ ಜೊತೆಗೆ ಎಷ್ಟು ಜನ ಮಾತನಾಡಿದರು ಎಂಬ ಲೆಕ್ಕವನ್ನೂ ಮಂಡಳಿ ಸಭೆಗೆ ಒಪ್ಪಿಸಲಿ. ನನಗೆ ಎರಡನೆಯ ಲೆಕ್ಕವೇ ಮುಖ್ಯ. ಮೈಕು ಹಿಡಿದು ಅಜ್ಜಿಯನ್ನು ಪ್ರಶ್ನೆ ಕೇಳಬೇಕಾದರೆ ಆ ಹುಡುಗಿ ಮೊದಲು ಕನ್ನಡದಲ್ಲಿ ಪ್ರಶ್ನೆ ಕಟ್ಟಬೇಕು. ಪಾಠ ಅಲ್ಲೇ ಆಗುತ್ತದೆ.

ಸಭೆಯಲ್ಲಿ ತಾವು ಮಾಡಬೇಕಾದದ್ದು

ಸಭೆಯ ಮುಂದೆ ಎರಡು ಠರಾವುಗಳು ಬರುತ್ತವೆ. ಒಂದು, ಸಮಿತಿಯ ಪೂರ್ವ ಒಪ್ಪಿಗೆಯೊಂದಿಗೆ ಯುವಕರ ಧ್ವನಿಪತ್ರ. ಇನ್ನೊಂದು, ಪೂರ್ವ ಒಪ್ಪಿಗೆ ಇಲ್ಲದೆ, ಮೇಲಿನ ಎಂಟು ನಿಯಮಗಳೊಂದಿಗೆ ಯುವಕರ ಧ್ವನಿಪತ್ರ. ನಾನು ಎರಡನೆಯದಕ್ಕೆ ಕೈ ಎತ್ತುತ್ತೇನೆ. ತಮಿಳುನಾಡು ಸಂಘಗಳ ನೋಂದಣಿ ಕಾಯ್ದೆ 1975ರ ಪ್ರಕಾರ ಸಂಘದ ಹಣಕ್ಕೂ ನಡಾವಳಿಗೂ ನಾವು ಉತ್ತರದಾಯಿಗಳು, ಅದನ್ನು ಯಾರೂ ಕಸಿದುಕೊಳ್ಳುವುದಿಲ್ಲ. ಕೊಡಬೇಕಾಗಿರುವುದು ತಿದ್ದುವ ಪೆನ್ನು ಒಂದನ್ನೇ.

ನಿಯಮಗಳಲ್ಲಿ ಸೇರಿಸುವುದು, ತೆಗೆಯುವುದು ಇದ್ದರೆ ಸಭೆಗೆ ಒಂದು ವಾರ ಮೊದಲು ಬರಹದಲ್ಲಿ ಕಳಿಸಿಕೊಡಿ. ಬರೆಯಲು ಆಗದವರು ಧ್ವನಿಯಲ್ಲೇ ಹೇಳಿ ಕಳಿಸಬಹುದು, ನಡಾವಳಿಯಲ್ಲಿ ನಾನು ಬರೆದುಕೊಳ್ಳುತ್ತೇನೆ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ಮಕ್ಕಳನ್ನು ಸಭೆಗೆ ಕರೆತನ್ನಿ. ಈ ಬರಹವನ್ನು ಅವರು ಓದಲಾರರಾದರೆ ಇಂದು ಸಂಜೆ ಗಟ್ಟಿಯಾಗಿ ಓದಿ ಕೇಳಿಸಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ